ದಾಖಲೆ ಭಾವ

ದೋಸೆ ಬಂದು ಐದು ನಿಮಿಷ ಆಗಿತ್ತು. ಯಾರೂ ಮುಟ್ಟುವ ಹಾಗಿರಲಿಲ್ಲ. ಭಾವ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಅಕ್ಕನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅವಳ ಹೆಗಲ ಮೇಲೆ ಕೈಯಿಟ್ಟರು. ಇಟ್ಟರು ಎನ್ನುವುದು ಫೋಟೋಗೆ ಮಾತ್ರ ಸತ್ಯ. ಆ ಕೈ ಹೆಗಲಿಗಿಂತ ಒಂದಂಗುಲ ಮೇಲೆ ಗಾಳಿಯಲ್ಲೇ ನಿಂತಿತ್ತು. ತಿಪಟೂರಿನ ಕಡೆಯ ಹುಡುಗ. ನಾಲ್ಕು ಜನರೆದುರು ಹೆಂಡತಿಯನ್ನು ಮುಟ್ಟಿ ಗೊತ್ತಿಲ್ಲ.

"ಹಿಂದಿರೋ ಕ್ಯಾಲೆಂಡರು ಬರಬೇಕು ಕಣಯ್ಯ. ತಾರೀಖು ಕಾಣಬೇಕು."

"ಯಾಕೆ ಭಾವ?"

"ಎವಿಡೆನ್ಸು."

ಅಷ್ಟರಲ್ಲಿ ದೋಸೆ ಚರ್ಮವಾಗಿತ್ತು.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಓಕ್ ಟ್ರೀ ರಸ್ತೆ ಅಂತ ಒಂದಿದೆ. ಚಿನ್ನದಂಗಡಿ, ಸೀರೆಯಂಗಡಿ, ದೋಸೆ ಹೋಟೆಲುಗಳ ರಸ್ತೆ. ಶನಿವಾರ ಸಂಜೆ ಅಲ್ಲಿ ನಿಂತರೆ ನಮ್ಮ ಭಾವನಂಥವರು ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಪತ್ತೆ ಹಚ್ಚುವುದು ಸುಲಭ. ಹೆಂಡತಿಯ ಕೈಚೀಲಕ್ಕಿಂತ ಇವರ ಹೆಗಲ ಚೀಲ ದೊಡ್ಡದು. ಊಟದ ಬಿಲ್ಲನ್ನು ಮುದುರಿ ಎಸೆಯುವುದಿಲ್ಲ, ನಾಲ್ಕಾಗಿ ಮಡಿಸಿ ಜೇಬಿಗಿಡುತ್ತಾರೆ. ಮಾತು ಮಳೆಯಿಂದ ಶುರುವಾಗಲಿ, ಮಾವಿನಹಣ್ಣಿನಿಂದ ಶುರುವಾಗಲಿ, "ಮೂರು ವರ್ಷದ ರೂಲು" ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ.

ಆ ರೂಲು ಇಷ್ಟೇ. ಗ್ರೀನ್ ಕಾರ್ಡ್ ಪಡೆದವರು ಅಮೆರಿಕದ ಪೌರತ್ವಕ್ಕೆ ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಅಲ್ಲಿಯ ಪ್ರಜೆಯನ್ನು ಮದುವೆಯಾಗಿ ಒಂದೇ ಸೂರಿನಡಿ ಬಾಳುತ್ತಿದ್ದರೆ 3 ವರ್ಷ ಸಾಕು. ಮೂರು ತುಂಬಲು 90 ದಿನ ಇರುವಾಗಲೇ ಎನ್-400 ಎಂಬ ಅರ್ಜಿ ಹಾಕಬಹುದು. (ನಮ್ಮ ಸರ್ಕಾರ ಇಷ್ಟು ಉದಾರಿಯಲ್ಲ. ಭಾರತೀಯರನ್ನು ಮದುವೆಯಾದ ವಿದೇಶೀಯರು ನಮ್ಮಲ್ಲಿ 7 ವರ್ಷ ನೆಲೆಸಿದ ಮೇಲೇ ಅರ್ಜಿ ಮುಟ್ಟಬೇಕು.)

ಅಕ್ಕ ಎಂದರೆ ನನ್ನ ದೊಡ್ಡಪ್ಪನ ಮಗಳು. ಹುಟ್ಟಿದ್ದೇ ನ್ಯೂಜೆರ್ಸಿಯಲ್ಲಿ. ಕನ್ನಡ ಚೆನ್ನಾಗಿ ಬರುತ್ತದೆ, ಬಹುವಚನ ಮಾತ್ರ ಬರುವುದಿಲ್ಲ. ಗಂಡ, ಮಾವ, ಮದುವೆ ಮಾಡಿಸಿದ ಪುರೋಹಿತರು, ಎಲ್ಲರಿಗೂ "ನೀನು ಊಟ ಮಾಡ್ದ್ಯಾ?" ನಾನು 2014ರಲ್ಲಿ ಓದಲು ಬಂದು, ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಸೇರಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವನು. ಆ ಸಾಲಿನಲ್ಲಿ ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಕಾರ್ಡು ಹೋಗುವಂತಿಲ್ಲ ಎಂಬ ಮಿತಿ ಇರುವುದರಿಂದ ನಮ್ಮವರ ಸಾಲು ಹನುಮಂತನ ಬಾಲ. ನಾನು ಇನ್ನೂ ಬಾಲದ ತುದಿಯಲ್ಲೇ ಇದ್ದೇನೆ. ಭಾವ ನನಗಿಂತ ಎಂಟು ವರ್ಷ ತಡವಾಗಿ ಬಂದು, ನನ್ನ ಕಾರಿನಲ್ಲೇ ಡ್ರೈವಿಂಗ್ ಕಲಿತು, ನನಗಿಂತ ಮೊದಲು ಪ್ರಜೆಯಾದರು. ಈ ಬರಹದಲ್ಲಿ ಎಲ್ಲಾದರೂ ಹೊಟ್ಟೆಕಿಚ್ಚಿನ ಕಮಟು ಬಂದರೆ ಅದು ಇಲ್ಲಿಂದ ಎಂದು ತಿಳಿಯತಕ್ಕದ್ದು.

ಭಾವ ಹುಟ್ಟಾ ದಾಖಲೆಗಾರರಲ್ಲ. ಊರಲ್ಲಿದ್ದಾಗ ರೇಷನ್ ಕಾರ್ಡು ಎಲ್ಲಿದೆ ಎಂದು ಅಮ್ಮನನ್ನು ಕೇಳುತ್ತಿದ್ದವರು. ಅವರನ್ನು ಹೀಗೆ ಮಾಡಿದ್ದು ಒಂದು ಅಗ್ಗದ ವಿಮಾನದ ಟಿಕೆಟು. ಮದುವೆಯಾದದ್ದು 2020ರ ಫೆಬ್ರವರಿಯಲ್ಲಿ. ಹಿಂದೆಯೇ ಕೊರೊನಾ ಬಂತು. ಮುಂಬೈಯಲ್ಲಿ ವೀಸಾ ಸಂದರ್ಶನ ಮುಗಿದು ಇಲ್ಲಿಗೆ ಕಾಲಿಡುವಷ್ಟರಲ್ಲಿ 2022ರ ಜನವರಿ. ಎರಡನೆಯ ವಾರ್ಷಿಕೋತ್ಸವಕ್ಕೆ ಇನ್ನು ಮೂರೇ ವಾರ ಇತ್ತು, ಟಿಕೆಟು ಅಗ್ಗಕ್ಕೆ ಸಿಕ್ಕಿತೆಂದು ಹೊರಟುಬಂದರು. ಇಲ್ಲಿಯ ಕಾನೂನು ಹೀಗಿದೆ: ಮದುವೆಯಾಗಿ 2 ವರ್ಷ ತುಂಬುವ ಮೊದಲು ದೇಶದೊಳಗೆ ಬಂದ ಗಂಡನಿಗೆ ಷರತ್ತಿನ ಗ್ರೀನ್ ಕಾರ್ಡು, ಅದರ ಆಯಸ್ಸು ಎರಡೇ ವರ್ಷ. ಅದು ಮುಗಿಯುವ ಮುಂಚೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ನಮ್ಮದು ನಿಜವಾದ ಮದುವೆಯೇ ಎಂದು ಪುರಾವೆ ಸಮೇತ ಇನ್ನೊಂದು ಅರ್ಜಿ ಕೊಡಬೇಕು. ಎರಡು ತುಂಬಿಸಿಕೊಂಡು ಬಂದವನಿಗೆ ಸೀದಾ ಹತ್ತು ವರ್ಷದ ಕಾರ್ಡು. ಮೂರು ವಾರ ಅಮ್ಮನ ಕೈಯಲ್ಲಿ ಮುದ್ದೆ ಉಂಡುಕೊಂಡು ನಿಧಾನಕ್ಕೆ ಬಂದಿದ್ದರೆ ಭಾವನಿಗೆ ಆ ತಾಪತ್ರಯವೇ ಇರಲಿಲ್ಲ. ಟಿಕೆಟಿನಲ್ಲಿ ಉಳಿಸಿದ ದುಡ್ಡು ಆ ಅರ್ಜಿಯ ಶುಲ್ಕಕ್ಕೂ ಸಾಲಲಿಲ್ಲ.

ಆ ಏಟಿಗೆ ಮನುಷ್ಯ ಬದಲಾದರು. ಮೊದಲು ಬಂದದ್ದು ಮೂರು ರಿಂಗಿನ ಕಪ್ಪು ಫೈಲು. ಅದರೊಳಗೆ ಜಂಟಿ ತೆರಿಗೆ ಲೆಕ್ಕ, ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು, ಕಾರಿನ ವಿಮೆ. ಇಷ್ಟು ಎಲ್ಲರೂ ಇಡುವಂಥದೇ. ಭಾವ ಅಲ್ಲಿಗೆ ನಿಲ್ಲಿಸಲಿಲ್ಲ. ಹಾಲಿನ ಬಿಲ್ಲು ಬಂತು. ಎಡಿಸನ್ನಿನ ಕನ್ನಡದವರ ಮನೆಗಳಿಂದ ಬಂದ ಗೃಹಪ್ರವೇಶದ ಕರೆಯೋಲೆಗಳು ಬಂದವು, ಲಕೋಟೆಯ ಮೇಲೆ "ದಂಪತಿಗಳಿಗೆ" ಎಂದಿದೆ ಅಂತ. ಸತ್ಯನಾರಾಯಣ ಪೂಜೆಯ ರಸೀದಿ ಬಂತು. ಅದರಲ್ಲಿ ಇಬ್ಬರ ನಕ್ಷತ್ರವೂ ಇದೆಯಂತೆ. ಅಕ್ಕನ ಹೆಸರಿಗೆ ಬಂದ ಟಪಾಲನ್ನೆಲ್ಲ ಭಾವನೇ ಒಡೆಯುತ್ತಿದ್ದರು, ತಮ್ಮ ಹೆಸರೂ ಸೇರಿಸಲು ಆಗುತ್ತದೋ ನೋಡಲು.

ಮದುವೆಯ ತಾರೀಖಿನದೇ ಒಂದು ಪುರಾಣ. ನಮ್ಮ ಕಡೆ ಹಿಂದಿನ ಸಂಜೆಯೇ ವರಪೂಜೆ, ಆರತಕ್ಷತೆ. ಧಾರೆ ಮರುದಿನ ಬೆಳಿಗ್ಗೆ. ಹಾರ ಹಾಕಿಕೊಂಡು ಸಿಂಹಾಸನದ ಮೇಲೆ ಕೂತ ಫೋಟೋಗಳೆಲ್ಲ ಆರತಕ್ಷತೆಯವು. ಅವುಗಳ ಮೂಲೆಯಲ್ಲಿ ಕ್ಯಾಮೆರಾ ಹಾಕಿದ ತಾರೀಖು ಬುಧವಾರದ್ದು. ಧಾರೆ ಗುರುವಾರ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದ್ದು ಮತ್ತೆರಡು ವಾರ ಬಿಟ್ಟು.

"ಆಫೀಸರು ಕೇಳಿದರೆ ಯಾವುದು ಹೇಳಲಿ? ಬುಧವಾರದ ಫೋಟೋದಲ್ಲಿ ಗುರುವಾರ ಮದುವೆಯಾದವನು ಹೇಗೆ ನಗ್ತಿದ್ದೀಯ ಅಂದರೆ?"

"ಗುರುವಾರದ ಫೋಟೋ ತೋರಿಸಿ."

"ಅದರಲ್ಲಿ ಹೊಗೆ. ನನ್ನ ಮುಖಾನೇ ಕಾಣಲ್ಲ."

ಎನ್-400 ಅರ್ಜಿ ತುಂಬುವ ಕೆಲಸಕ್ಕೆ ನನ್ನನ್ನು ಕರೆಸಿದ್ದರು. ಆನ್‌ಲೈನಿನಲ್ಲಿ ಹಾಕಿದರೆ ಶುಲ್ಕ 710 ಡಾಲರು, ಕಾಗದದಲ್ಲಾದರೆ 760. ಉಳಿದ 50 ಡಾಲರಿಗೆ ಇನ್ನೊಂದು ಫೈಲು, ಬಣ್ಣದ ಚೀಟಿ ಕೊಂಡಿದ್ದಾಗಿತ್ತು. ಹುಟ್ಟಿದಂದಿನಿಂದ ನಿಮಗಿದ್ದ ಬೇರೆ ಹೆಸರುಗಳನ್ನು ಬರೆಯಿರಿ ಎಂಬಲ್ಲಿಯೇ ಗಾಡಿ ನಿಂತಿತು. ಮನೆಯಲ್ಲಿ ಗುಂಡ. ಹಾಸ್ಟೆಲಿನಲ್ಲಿ, ತಿಪಟೂರಿನವರೆಂಬ ಒಂದೇ ಕಾರಣಕ್ಕೆ, ಕೊಬ್ರಿ. ಎರಡನ್ನೂ ಬರೆಯಲೇಬೇಕೆಂದು ಹಟ. ಸುಳ್ಳು ಹೇಳಿದರೆ ಪೌರತ್ವ ಕಿತ್ತುಕೊಳ್ಳುತ್ತಾರಂತೆ. ಮುಂದಿನದು, ನಿಮ್ಮ ದೇಶದಲ್ಲಿ ವಂಶಪಾರಂಪರ್ಯದ ಪದವಿ, ಬಿರುದು ಏನಾದರೂ ಇದೆಯೇ? ರಾಜ ಮಹಾರಾಜರಿಗೆ ಕೇಳಿದ ಪ್ರಶ್ನೆ ಅದು. ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಾತ ಶಾನುಭೋಗರು."

"ಬಿಡಿ ಭಾವ, ಆ ಹುದ್ದೆ ರದ್ದು ಮಾಡೋ ಕಾಯ್ದೆ 1961ರಲ್ಲೇ ಬಂತಲ್ಲ."

"ರದ್ದಾಗಿದ್ದು ಹುದ್ದೆ. ಊರಲ್ಲಿ ಇವತ್ತಿಗೂ ನಮ್ಮನೆಗೆ ಶಾನುಭೋಗರ ಮನೆ ಅಂತಲೇ ಹೇಳೋದು."

ಕಮ್ಯುನಿಸ್ಟ್ ಪಕ್ಷದ ಸಂಬಂಧ ಇತ್ತೇ ಎಂಬ ಪ್ರಶ್ನೆಗೆ ಅರ್ಧ ಗಂಟೆ. ಕಾಲೇಜಿನಲ್ಲಿ ಬಸ್ ದರ ಏರಿದಾಗ ಮೆರವಣಿಗೆಯಲ್ಲಿ ಹೋಗಿದ್ದರು, ಬಾವುಟದಲ್ಲಿ ಕೆಂಪಿತ್ತು. ಕನ್ನಡ ಬಾವುಟದಲ್ಲೂ ಕೆಂಪಿದೆ ಎಂದು ನಾನು ಜ್ಞಾಪಿಸಿದ ಮೇಲೆ ಉಸಿರು ಬಿಟ್ಟರು.

ನಯಾಗರ ಜಲಪಾತಕ್ಕೂ ಈ ಅರ್ಜಿ ಅಡ್ಡ ಬಂತು. ದೇಶದ ಹೊರಗೆ 24 ಗಂಟೆ ಮೀರಿ ಇದ್ದ ಪ್ರತಿಯೊಂದು ಪ್ರಯಾಣವನ್ನೂ ಅರ್ಜಿಯಲ್ಲಿ ತೋರಿಸಬೇಕು; ಮೂರು ವರ್ಷದಲ್ಲಿ ಕಡೇಪಕ್ಷ 18 ತಿಂಗಳು ಇಲ್ಲೇ ಇದ್ದಿರಬೇಕು. ನೋಟ ಕೆನಡಾದ ಕಡೆಯಿಂದಲೇ ಚೆಂದ, ಸೇತುವೆ ದಾಟಿ ಎರಡು ಗಂಟೆಯಲ್ಲಿ ಬರಬಹುದು ಎಂದಳು ಅಕ್ಕ. "ವಾಪಸು ಬರುವಾಗ ಟ್ರಾಫಿಕ್ಕು ಸಿಕ್ಕಿ ಇಪ್ಪತ್ತೈದನೇ ಗಂಟೆ ಆದರೆ?" ಎಂದರು ಭಾವ. ಅಕ್ಕ ಒಬ್ಬಳೇ ದಾಟಿ ಹೋದಳು. ಭಾವ ಈ ದಡದಲ್ಲಿ ನಿಂತು ಆ ದಡದ ಹೆಂಡತಿಗೆ ಕೈ ಬೀಸಿದರು. ಆ ಫೋಟೋ ಫೈಲಿಗೆ ಸೇರಲಿಲ್ಲ. ಬೇರೆ ಬೇರೆ ದೇಶದಲ್ಲಿ ನಿಂತ ದಂಪತಿ ಎಂದು ತಪ್ಪು ತಿಳಿದಾರು.

ಇನ್ನು ಪೌರಶಾಸ್ತ್ರದ ಪರೀಕ್ಷೆ. ಆಗ 100 ಪ್ರಶ್ನೆಗಳ ಪಟ್ಟಿ. ಅದರಲ್ಲಿ 10 ಕೇಳುತ್ತಿದ್ದರು, 6 ಸರಿಯಾದರೆ ಪಾಸು. (2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಪಟ್ಟಿ 128ಕ್ಕೆ ಏರಿದೆ, 20 ಕೇಳುತ್ತಾರೆ, 12 ಸರಿಯಿರಬೇಕು.) ಭಾವ ನೂರನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದರು. ಬೆಳಿಗ್ಗೆ ಒಗ್ಗರಣೆ ಸಿಡಿಯುವಾಗ ಅಡುಗೆಮನೆಯಿಂದ ಅವರ ದನಿ: "ಸಂವಿಧಾನಕ್ಕೆ ತಿದ್ದುಪಡಿ 27! ಕೆಳಮನೆಯ ಸದಸ್ಯರು 435!" ಒಂದು ದಿನ ಅಕ್ಕನಿಗೇ ಪರೀಕ್ಷೆ ಇಟ್ಟರು. ಅವಳು ಆರರಲ್ಲಿ ಎರಡು ಹೇಳಿದಳು.

"ಇಷ್ಟೂ ಗೊತ್ತಿಲ್ಲದೆ ನೀನು ಸಿಟಿಜನ್ ಹೇಗಾದೆ?"

"ಹುಟ್ಟಿದೆ," ಎಂದಳು.

ಸಂದರ್ಶನದಲ್ಲಿ ಹೆಂಡತಿಯ ಬಗ್ಗೆ ಕೇಳುತ್ತಾರೆ ಎಂದು ಯಾರೋ ಹೆದರಿಸಿದ್ದರು. ಹಲ್ಲುಜ್ಜುವ ಬ್ರಷ್ಷಿನ ಬಣ್ಣ, ಮಂಚದ ಯಾವ ಬದಿ, ಹೀಗೆ. ಭಾವ ಅದಕ್ಕೂ ಒಂದು ನೋಟುಬುಕ್ಕು ಮಾಡಿದರು. ರಾತ್ರಿ ಊಟವಾದ ಮೇಲೆ ಪೆನ್ನು ಹಿಡಿದು ಅಕ್ಕನ ಎದುರು ಕೂರುವುದು. ನಿನಗೆ ಯಾವ ಬಣ್ಣ ಇಷ್ಟ? ಸ್ಕೂಲಿನಲ್ಲಿ ಹತ್ತಿರದ ಗೆಳತಿ ಯಾರು? ಯಾವುದಕ್ಕೆ ಭಯ? ಊಟದಲ್ಲಿ ಏನು ಸೇರದು? ಕೊತ್ತಂಬರಿ ಸೊಪ್ಪು ಸೇರದು ಎಂದಳಂತೆ ಅಕ್ಕ. ಚಿಕ್ಕಂದಿನಿಂದ ಅದು ಸೋಪಿನ ಹಾಗೆ ನಾರುತ್ತದೆ ಅವಳಿಗೆ. ಮನೆಯಲ್ಲಿ ಸಾರು ಮಾಡುವುದು ಭಾವನ ಪಾಲಿನ ಕೆಲಸ. ಎರಡೂವರೆ ವರ್ಷದಿಂದ ದಿನಾ ಒಂದು ಹಿಡಿ ಕೊತ್ತಂಬರಿ ಉದುರಿಸಿದ್ದರು.

"ಹೇಳಬಾರದಾ?"

"ನೀನು ಕೇಳಲಿಲ್ಲ."

ಈ ಸಂಗತಿಯನ್ನು ಅಕ್ಕ ನನಗೆ ಫೋನಿನಲ್ಲಿ ಹೇಳಿದಳು. "ಗವರ್ನಮೆಂಟು ಕೇಳುತ್ತೆ ಅಂತ ಗೊತ್ತಾದ್ಮೇಲೆ ಕೇಳ್ದ ಕಣೋ," ಎಂದು ನಗುತ್ತಿದ್ದಳು.

2025ರ ಬೇಸಿಗೆಗೆ ಮೊದಲು ನ್ಯೂಅರ್ಕಿನಲ್ಲಿ ಸಂದರ್ಶನ. ಹೊರಗಿನ ಕೋಣೆಯಲ್ಲಿ ಸಾಕ್ಷಿಗೆಂದು ರಜೆ ಹಾಕಿಸಿ ಅಕ್ಕನನ್ನು ಕೂರಿಸಿದ್ದರು. ಫೈಲಿನ ತೂಕಕ್ಕೆ ಚೀಲದ ಪಟ್ಟಿ ಕಿತ್ತುಹೋಗಿತ್ತು. ಮಗುವಿನ ಹಾಗೆ ಎದೆಗವಚಿಕೊಂಡು ಒಳಗೆ ಹೋದರು. ಆ ಅಧಿಕಾರಿಣಿ ಸಾಧು ಹೆಂಗಸು. ಮದುವೆ ಎಂದು ಆಯಿತು ಎಂದರು. ಭಾವ ಗುರುವಾರದ ತಾರೀಖು ಹೇಳಿ, ನಿಲ್ಲಿಸಲಾಗದೆ, ಮೀನ ಲಗ್ನ ಎಂದೂ ಸೇರಿಸಿದರು. ಇನ್ನೂ ಹೆಂಡತಿಯ ಜೊತೆಯೇ ಇದ್ದೀರಾ? ಇದ್ದೇನೆ. ತೆರಿಗೆ ಲೆಕ್ಕ ನೋಡಿದರು, ಮದುವೆ ಪ್ರಮಾಣಪತ್ರ ನೋಡಿದರು, ಫೈಲನ್ನು ಮುಚ್ಚಿ ಭಾವನ ಕಡೆಗೇ ತಳ್ಳಿದರು. ಒಂದು ವಾಕ್ಯ ಓದಿಸಿದರು, ಒಂದು ಬರೆಸಿದರು. ಪೌರಶಾಸ್ತ್ರದಲ್ಲಿ ಮೊದಲ ಆರಕ್ಕೆ ಆರೂ ಸರಿಯಾಯಿತು, ಅಲ್ಲಿಗೆ ನಿಲ್ಲಿಸಿಬಿಟ್ಟರು.

ಹೊರಗೆ ಬಂದ ಭಾವನ ಮುಖ ಪಾಸಾದವರ ಮುಖದಂತಿರಲಿಲ್ಲ. "ತೊಂಬತ್ತನಾಲ್ಕು ಹಾಗೇ ಉಳಿದುಹೋಯ್ತಲ್ಲಯ್ಯ," ಎಂದರು. "ಕೊತ್ತಂಬರೀದೂ ಕೇಳಲಿಲ್ಲ."

ಪ್ರಮಾಣವಚನದ ದಿನ ಗ್ರೀನ್ ಕಾರ್ಡನ್ನು ವಾಪಸು ಇಸಿದುಕೊಂಡು, ಕೈಗೊಂದು ಪುಟ್ಟ ಬಾವುಟ ಕೊಟ್ಟರು. ಪರದೇಶದ ರಾಜರಿಗಿದ್ದ ನಿಷ್ಠೆಯನ್ನು ತೊರೆಯುತ್ತೇನೆ ಎಂಬ ಮಾತು ಅದರಲ್ಲಿ ಬರುತ್ತದೆ. ಆ ಸಾಲಿಗೆ ಬಂದಾಗ ನಡುಮನೆಯಲ್ಲಿ ತೂಗುಹಾಕಿದ್ದ ಮೈಸೂರು ಒಡೆಯರ ಪಟ ಕಣ್ಮುಂದೆ ಬಂದು ಗಂಟಲು ಕಟ್ಟಿತಂತೆ. ನಾವು ನಕ್ಕೆವು. ಆ ರಾತ್ರಿ ತಿಪಟೂರಿನಿಂದ ಅವರ ಅಮ್ಮ ಫೋನು ಮಾಡಿ, "ಹಂಗಾರೆ ಇನ್ನು ನಮ್ಮೂರ ಓಟು ಇಲ್ವೇನಪ್ಪ ನಿಂಗೆ?" ಎಂದಾಗ ಯಾರೂ ನಗಲಿಲ್ಲ. ಇಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಬೇರೆ ದೇಶದ ಪ್ರಜೆಯಾದ ಕ್ಷಣಕ್ಕೇ ಭಾರತದ್ದು ಹೋಯಿತು. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ, ತ್ಯಜಿಸಿದ್ದಕ್ಕೆ ಪ್ರಮಾಣಪತ್ರ ಪಡೆದು, ಆಮೇಲೆ ಸಾಗರೋತ್ತರ ಭಾರತೀಯ ಪ್ರಜೆ ಎಂಬ ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಆ ಕಾರ್ಡಿದ್ದರೆ ಊರಿಗೆ ಬಂದುಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಓಟಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. "ತೋಟ?" ಎಂದರು ಅಮ್ಮ. ಅಪ್ಪನಿಂದ ಬಂದದ್ದು ಬರುತ್ತದೆ ಎಂದು ಭಾವ ಎರಡು ಸಲ ಹೇಳಿದರು. ಮರುದಿನ ನೀಲಿ ಬಣ್ಣದ ಹೊಸ ಫೈಲು ಕೊಂಡುತಂದರು.

ಈ ಫೆಬ್ರವರಿಯ ವಾರ್ಷಿಕೋತ್ಸವಕ್ಕೆ ನನಗೆ ಬುಲಾವು ಬರಲಿಲ್ಲ. ಫೋಟೋ ತೆಗೆಯುವವನನ್ನೇ ಬಿಟ್ಟು ಹೋದಿರಾ ಎಂದು ಅಕ್ಕನನ್ನು ಕೇಳಿದೆ.

"ಫೋಟೋನೇ ತೆಗೀಲಿಲ್ಲ ಕಣೋ. ಮರ್ತೇಬಿಟ್ಟ. ದೋಸೆ ಬಿಸಿಬಿಸಿ ತಿಂದ್ವಿ."

"ಏನೂ ಮಾಡಲೇ ಇಲ್ವಾ ಭಾವ?"

"ಹಸಿರು ಚಟ್ನಿ ಬೇಡ, ಅದರಲ್ಲಿ ಕೊತ್ತಂಬರಿ ಇರುತ್ತೆ ಅಂತ ಹೋಟೆಲ್ ಹುಡುಗನಿಗೆ ಹೇಳ್ದ. ಅಷ್ಟೇ."