ಕುಟುಂಬ ಸಮೇತ ಪರಿಸರಸ್ನೇಹ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕು. ವಿಷಯ: ಮನೆಮಂದಿಯೆಲ್ಲ ಕೂಡಿ ಮಾಡುವ ಪರಿಸರಸ್ನೇಹಿ ಚಟುವಟಿಕೆ. ಅಧಿಕಾರಿ: ಭಾನುವಾರ ಬೇಸರ ಬಂದಿರುವ ಶಿವಮೊಗ್ಗ, ಭದ್ರಾವತಿಗಳ ಯಾವುದೇ ಸಂಸಾರಸ್ಥ. ಸಂಬಂಧ: ಹೆಂಡತಿ, ಮಕ್ಕಳು, ಹಿಂದಿನ ಸೀಟಿನ ನಡುವೆ ಒತ್ತರಿಸಿ ಕೂತ ಅಜ್ಜಿ. ಪ್ರಯೋಜನ: ಸ್ಟೇಟಸ್ಸಿಗೊಂದು ಫೋಟೊ.

ಪೂರ್ವಪಕ್ಷ

ಪರಿಸರವು ಮನೆಯಿಂದ ಕನಿಷ್ಠ 10 ಕಿ.ಮೀ. ಆಚೆ ಶುರುವಾಗುತ್ತದೆ ಎಂಬುದು ನವೀನರ ಮೂಲಸೂತ್ರ. ಪ್ರಮಾಣ: ಶಿವಮೊಗ್ಗದಿಂದ ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಹತ್ತಿರ ಹತ್ತಿರ 10 ಕಿ.ಮೀ.; ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲು ಆನೆ ಬಿಡಾರಕ್ಕೆ ಸುಮಾರು 14; ಅದೇ ದಾರಿಯ ಮಂಡಗದ್ದೆಗೆ ಸುಮಾರು 30. ಆದಕಾರಣ ಪೆಟ್ರೋಲ್ ಇಲ್ಲದೆ ಪರಿಸರಪ್ರೇಮವಿಲ್ಲ ಎಂದು ಸಿದ್ಧವಾಯಿತು.

ಸಕ್ರೆಬೈಲಿನಲ್ಲಿ ಬೆಳಗ್ಗೆ ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗೆ ಇಳಿಸಿ ಮೈ ತಿಕ್ಕುತ್ತಾರೆ. ಆನೆ ಮಗ್ಗುಲಾಗಿ ಮಲಗಿ, ಸೊಂಡಿಲ ತುದಿಯನ್ನಷ್ಟೇ ನೀರ ಮೇಲಿಟ್ಟು ಉಸಿರಾಡುತ್ತದೆ. ಅಷ್ಟು ದೊಡ್ಡ ಮೈ ತೊಳೆಯಲು ಅದು ಸೋಪನ್ನೂ ಕೇಳುವುದಿಲ್ಲ, ಶಾಂಪೂವನ್ನೂ ಕೇಳುವುದಿಲ್ಲ. ದಡದ ಮೇಲೆ ನಿಂತು ನೋಡುವ ನಾಲ್ಕು ಜನಕ್ಕೆ ಮಾತ್ರ ಅರ್ಧ ಗಂಟೆಯಲ್ಲಿ ನೀರಿನ ಬಾಟಲಿ, ಚಿಪ್ಸು, ಜ್ಯೂಸಿನ ಪೊಟ್ಟಣ ಎಲ್ಲವೂ ಬೇಕಾಗುತ್ತವೆ. ಮಂಡಗದ್ದೆಯದ್ದೂ ಇದೇ ಸಮಸ್ಯೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವು ಬರುವುದೂ ಸಂಸಾರ ಹೂಡುವುದಕ್ಕೇ. ಆದರೆ ಕಾರಿನ ಬಾಗಿಲು ತೆರೆದಿಟ್ಟು ಸ್ಟೀರಿಯೋ ಹಾಕುವ ಪದ್ಧತಿ ಅವುಗಳಲ್ಲಿ ಕಂಡುಬಂದಿಲ್ಲ.

ಆಕ್ಷೇಪ

ಪೊಟ್ಟಣಗಳ ಗತಿ ಏನು? ಶಿವಮೊಗ್ಗದವರು ತುಂಗೆಗೆ ಬಿಟ್ಟದ್ದೂ ಭದ್ರಾವತಿಯವರು ಭದ್ರೆಗೆ ಬಿಟ್ಟದ್ದೂ ಕೂಡ್ಲಿಯಲ್ಲಿ ಸಂಗಮ ಹೊಂದುತ್ತವೆ. ಅದ್ವೈತ, ದ್ವೈತ ಎರಡೂ ಮಠಗಳು ಅಲ್ಲಿರುವುದರಿಂದ ಕೂಡಿದ ಮೇಲೆ ಪೊಟ್ಟಣ ಒಂದೋ ಎರಡೋ ಎಂಬ ಜಿಜ್ಞಾಸೆಗೆ ಅದಕ್ಕಿಂತ ಪ್ರಶಸ್ತವಾದ ಸ್ಥಳವಿಲ್ಲ. ಸುತ್ತಲೂ ಅಡಿಕೆ ತೋಟ, ಉದುರಿದ ಹಾಳೆಯನ್ನು ಒತ್ತಿದರೆ ತಟ್ಟೆ. ಹಾಗಿದ್ದೂ 2016ರಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದ ಪ್ಲಾಸ್ಟಿಕ್ ತಟ್ಟೆಯಲ್ಲೇ ಚಿತ್ರಾನ್ನ ತಿನ್ನುವುದೇಕೆ ಎಂಬುದಕ್ಕೆ ಭಾಷ್ಯಕಾರರು ಮೌನ.

ಭದ್ರಾವತಿ ಶಾಖೆ

1923ರಿಂದ ಮರದ ಇದ್ದಿಲಿನಲ್ಲಿ ಕಬ್ಬಿಣ ಕರಗಿಸಿದ, ಮುಂದೆ ಬಿದಿರು ಅರೆದು ಕಾಗದ ಮಾಡಿದ ಊರು ಇದು. ಕಾಡಿಗೆ ಎಷ್ಟು ಬೆಲೆ ಎಂದು ಇದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಪ್ರಾಚೀನ ಕೌಟುಂಬಿಕ ಕ್ರೀಡೆ ಬೇಸಿಗೆ ರಜೆಯದು: ಹೋದ ವರ್ಷದ ನೋಟ್‌ಬುಕ್ಕುಗಳ ಖಾಲಿ ಹಾಳೆಗಳನ್ನು ಮಕ್ಕಳು ಕಿತ್ತು ಜೋಡಿಸುವುದು, ಅಪ್ಪ ದಬ್ಬಣದಿಂದ ತೂತು ಹಾಕಿ ದಾರ ಪೋಣಿಸುವುದು, ಅಮ್ಮ ಹಳೇ ಕ್ಯಾಲೆಂಡರಿನ ರಟ್ಟು ಹೊದಿಸುವುದು. ರಫ್ ಬುಕ್ ಸಿದ್ಧ. ಪ್ರವೇಶ ಶುಲ್ಕವಿಲ್ಲ, ಪಾರ್ಕಿಂಗ್ ರಗಳೆಯಿಲ್ಲ. ಹೀಗಾಗಿಯೇ ಇದು ಪರಿಸರಸ್ನೇಹಿ ಚಟುವಟಿಕೆಗಳ ಯಾವ ಪಟ್ಟಿಯಲ್ಲೂ ಸೇರಿಲ್ಲ.

ಸಿದ್ಧಾಂತ

ಇಷ್ಟರಲ್ಲಿ ಹಿಂದಿನ ಸೀಟಿನಿಂದ ಅಜ್ಜಿ, "ನಮ್ ಭೂಮಿ ಹುಣ್ಣಿಮೇಲಿ ಇಷ್ಟೆಲ್ಲ ಕಸ ಎಲ್ಲಿತ್ತೋ ಮಾರಾಯಾ" ಎಂದರು. ಸ್ಟೀರಿಯೋ ಸದ್ದಿನಲ್ಲಿ ಈ ಮಹಾವಾಕ್ಯ ಯಾರ ಕಿವಿಗೂ ಬೀಳಲಿಲ್ಲ. ಆಶ್ವಯುಜದ ಈ ಹುಣ್ಣಿಮೆಗೆ ಬಸಿರಾದ ಪೈರಿಗೆ ಮಲೆನಾಡಿಗರು ಸೀಮಂತ ಮಾಡುತ್ತಾರೆ. ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ, ಬೆಳಕು ಹರಿಯುವ ಮುಂಚೆ ಬಗೆಬಗೆಯ ಸೊಪ್ಪು ಬೆರೆಸಿದ ಹಚ್ಚಂಬಲಿಯನ್ನು ಗದ್ದೆಗೆಲ್ಲ ಬೀರುವುದು. ಆಮೇಲೆ ಪೂಜೆ, ಕಾಗೆಗೊಂದು ಪಾಲು, ಬಾಳೆಲೆ ಹಾಸಿ ಗದ್ದೆಯಲ್ಲೇ ಎಲ್ಲರ ಊಟ. ಉಂಡೆದ್ದ ಮೇಲೆ ಉಳಿಯುವ ಎಲೆ ಗೊಬ್ಬರಕ್ಕೆ, ಇಲ್ಲವೇ ದನದ ಬಾಯಿಗೆ.

ಪರಿಸರದೊಳಗೇ ಇದ್ದು ಉಣ್ಣುವ ಈ ಹಬ್ಬಕ್ಕೆ ಪರಿಸರಸ್ನೇಹವೆಂದು ಬೇರೆ ಹೆಸರು ಬೇಕಾಗಿರಲಿಲ್ಲ. ಪರಿಸರವನ್ನು ನೋಡಿಬರಲು ಹೊರಟಂದಿನಿಂದ ಕಸ ಶುರುವಾಯಿತು ಎಂಬುದೇ ಇಲ್ಲಿಯ ನಿರ್ಣಯ.

ಫಲಶ್ರುತಿ

ಇದನ್ನು ಓದಿದವರಿಗೆ ಪುಣ್ಯ ಬರುತ್ತದೆಂಬ ಭರವಸೆಯಿಲ್ಲ. ಆನೆ ನೋಡಲು ಹೋಗಿ, ಹಕ್ಕಿ ನೋಡಲೂ ಹೋಗಿ. ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಳ್ಳಿ, ಒಯ್ದದ್ದನ್ನೆಲ್ಲ ಲೆಕ್ಕ ಹಾಕಿ ವಾಪಸ್ ತನ್ನಿ. ಈ ಸಲ ಭೂಮಿ ಹುಣ್ಣಿಮೆಗೆ ಊರಿನಿಂದ ಕರೆ ಬಂದರೆ ರಜೆ ಹಾಕಿ ಹೋಗಿ, ಮಕ್ಕಳ ಕೈಯಲ್ಲೇ ಸೊಪ್ಪು ಕುಯ್ಯಿಸಿ.