ಮೇಜುನದಿ: ಒಂದು ಜಲಶಾಸ್ತ್ರೀಯ ವಿವೇಚನೆ

ಭೂದೃಶ್ಯವನ್ನು ಪೀಠೋಪಕರಣವಾಗಿಸುವ ವಿದ್ಯೆಗೆ ಕನ್ನಡದಲ್ಲಿ ಲಕ್ಷಣಗ್ರಂಥವಿಲ್ಲ. ಆ ಕೊರತೆ ನೀಗಲು ಈ ಪ್ರಬಂಧ. ಮಂಡಿನೋವಿನಿಂದ ನಂದಿಬೆಟ್ಟ ಹತ್ತಲಾರದವನು ಸೋಫಾ ಹತ್ತಬಹುದೆಂಬುದೇ ಈ ಶಾಸ್ತ್ರದ ಪ್ರಯೋಜನ.

ಪೂರ್ವಾಚಾರ್ಯರಲ್ಲಿ ಇಟಲಿಯ ಟ್ಯೂರಿನ್ ಪರಂಪರೆ ಪ್ರಸಿದ್ಧ. ಪಿಯೆರೊ ಜಿಲಾರ್ದಿ 1960ರ ದಶಕದ ಕೊನೆಯಲ್ಲಿ ಗುಫ್ರಾಮ್ ಕಂಪನಿಗಾಗಿ ಪಾಲಿಯುರೆಥೇನ್ ಫೋಮಿನ ಬಂಡೆಗಳನ್ನು ಮಾಡಿದ. ನೋಡಿದರೆ ಕಲ್ಲು, ಕೂತರೆ ಮೆತ್ತೆ. ಅದೇ ಕಂಪನಿಯಿಂದ 1971ರಲ್ಲಿ ಬಂದ ‘ಪ್ರಾತೋನೆ’ ಸೊಂಟದೆತ್ತರದ ಹಸಿರು ಹುಲ್ಲು. ಅದರ ಮೇಲೆ ಒರಗಿದವನಿಗೆ ಮಿಡತೆಯ ಜೀವನದೃಷ್ಟಿ ಲಭ್ಯ. ಫಿನ್‌ಲೆಂಡಿನ ಆಲ್ವಾರ್ ಆಲ್ಟೊ 1936ರಲ್ಲಿ ರಚಿಸಿದ ಬಳುಕಂಚಿನ ಗಾಜಿನ ಹೂದಾನಿಯಲ್ಲಿ ವಿದ್ವಾಂಸರು ಆ ದೇಶದ ಸರೋವರಗಳನ್ನು ಕಂಡರು. ಆತ ಮಾತ್ರ ಸ್ಪರ್ಧೆಗೆ ಕಳಿಸುವಾಗ ಕೊಟ್ಟ ಹೆಸರು ‘ಎಸ್ಕಿಮೊ ಹೆಂಗಸಿನ ಚರ್ಮದ ಚಲ್ಲಣ’. ಅರ್ಥವನ್ನು ಕವಿಯಲ್ಲಿ ಕೇಳಬಾರದೆಂಬುದು ಇದಕ್ಕೇ. ಅಂದಹಾಗೆ ಫಿನ್ನಿಶ್ ಭಾಷೆಯಲ್ಲಿ ಆಲ್ಟೊ ಎಂದರೆ ಅಲೆ. ಕನ್ನಡದ ‘ಅಲೆ’ಗೂ ಅದಕ್ಕೂ ನಂಟು ಬೆಸೆಯುವ ಇನ್ನೊಂದು ಪ್ರಬಂಧದ ಬೆದರಿಕೆಯೊಡ್ಡಿ ಮುಂದೆ ಸಾಗುತ್ತೇನೆ.

ಪ್ರಸ್ತುತ ಸಂಶೋಧನೆಯ ಕ್ಷೇತ್ರ ನಮ್ಮ ಮನೆಯ ಊಟದ ಮೇಜು. ಮರದ ಸೊಟ್ಟ ಅಂಚನ್ನು ಹಾಗೇ ಉಳಿಸಿಕೊಂಡ ಎರಡು ಹಲಗೆಗಳನ್ನು ಎದುರುಬದುರಿಟ್ಟು, ನಡುವಿನ ಸಂದಿಗೆ ನೀಲಿ ಕಲಸಿದ ಎಪಾಕ್ಸಿ ಸುರಿದರೆ ನದಿ. ಉಗಮಸ್ಥಾನ ಎರಡು ಡಬ್ಬಿ: ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡ್‌ನರ್. ಸಂಗಮದಲ್ಲಿ ಶಾಖ ಹುಟ್ಟುತ್ತದೆ. ಆತುರಗಾರ ಭಗೀರಥ ಒಂದೇ ಸಲಕ್ಕೆ ದಪ್ಪಗೆ ಸುರಿದರೆ ನದಿಯೇ ಕುದಿದು ಬಿರುಕು ಬಿಡುತ್ತದೆ. ಮೇಲೆದ್ದ ಗುಳ್ಳೆಗಳನ್ನು ಜ್ವಾಲೆ ಆಡಿಸಿ ಒಡೆಯಬೇಕು. ನೊರೆ, ಬೆಂಕಿ, ನೀರು ಒಟ್ಟಿಗೇ ಇರುವುದು ಹೇಗೆಂದು ಕೇಳುವವರು ಬೆಳ್ಳಂದೂರು ಕೆರೆಯ ಇತಿಹಾಸ ಓದಿಲ್ಲ.

ಇನ್ನು ಜಲವಿವಾದ. ಕಾವೇರಿಯಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೇಜುನದಿಗೆ ಅಂಥ ತೀರ್ಪಿಲ್ಲ. ಹಬ್ಬಕ್ಕೆ ಬಂದ ಮಾವನವರು ಮೇಲ್ದಂಡೆಯಲ್ಲಿ ಕೂತು ಸಾರಿನ ಪಾತ್ರೆಯನ್ನು ತಡೆಹಿಡಿದಾಗ, ಕೆಳದಂಡೆಯ ನನಗೆ ಹರಿದುಬಂದದ್ದು ಸೌಟು ತಳಕ್ಕೆ ತಾಗುವ ಸದ್ದು. ಸಂಕಷ್ಟ ಸೂತ್ರದ ಪ್ರಸ್ತಾಪವೆತ್ತುವ ಧೈರ್ಯ ಅಳಿಯನಿಗೆ ಎಲ್ಲಿಂದ ಬರಬೇಕು?

ಪೂರ್ವಪಕ್ಷ ಮಂಡಿಸಿದವರು ಅತ್ತೆ: “ಅಳಿಯಂದ್ರೇ, ಇದು ಹೊಳೆ ಅಂತೀರಿ. ಪಾತ್ರೆ ಇಡೋದು ದಡದಲ್ಲೋ, ನೀರಲ್ಲೋ?” ಪ್ರಮಾಣಗಳನ್ನು ಒದಗಿಸುವಷ್ಟರಲ್ಲಿ, ಒಲೆಯಿಂದಿಳಿಸಿದ ಹೊಸ ಸಾರನ್ನು ಅವರು ನಡುಹೊಳೆಗೇ ಇಟ್ಟಾಗಿತ್ತು. ಎತ್ತಿದಾಗ ದುಂಡನೆಯ ಬಿಳಿ ಕಲೆ. ಕನ್ನಡಕ ಹಾಕಿ ಪರಿಶೀಲಿಸಿದೆ: ಶ್ರೀರಂಗಪಟ್ಟಣದಂತೆ ಸುತ್ತಲೂ ನೀರು. ದ್ವೀಪವೆಂಬುದು ನಿಸ್ಸಂದೇಹ. ಅದಕ್ಕೆ ಹೆಸರಿಡುವ ಮೊದಲೇ ಅತ್ತೆ ಈ ದಡದಿಂದ ಆ ದಡಕ್ಕೆ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಸಿಬಿಟ್ಟರು.

ಸದ್ಯಕ್ಕೆ ನದಿ ಗುಪ್ತಗಾಮಿನಿ.