ಅಪ್‌ಗ್ರೇಡ್ ಆದ್ಮೇಲೆ

ಲೆಕ್ಕಪರಿಶೋಧಕರ ಕಚೇರಿಯಲ್ಲಿ ವೈಫೈ ನಿಲ್ಲಿಸೋದಕ್ಕೆ ಒಳ್ಳೆಯ ದಿನ ಅಂತ ಒಂದಿಲ್ಲ. 7ನೇ ತಾರೀಖಿನೊಳಗೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಯ ಒಂದು ರಿಟರ್ನು, 20ಕ್ಕೆ ಇನ್ನೊಂದು. ಜುಲೈ ಬಂದರೆ ಆದಾಯ ತೆರಿಗೆ, ಸೆಪ್ಟೆಂಬರ್ ಬಂದರೆ ಆಡಿಟ್ ರಿಪೋರ್ಟು, ಮಾರ್ಚ್ ಬಂದರೆ ನಾವು ಮನೆಯವರ ಕೈಗೂ ಸಿಗುವುದಿಲ್ಲ. ಇಷ್ಟೆಲ್ಲ ಕಳೆದು ಚೂರುಪಾರು ಉಳಿಯುವ ದಿನಗಳನ್ನು ಮೈಸೂರಿನ ನಮ್ಮ ಬಾಸು ಒಂಟಿಕೊಪ್ಪಲ್ ಪಂಚಾಂಗದಲ್ಲಿ ಜರಡಿ ಹಿಡಿಯುತ್ತಾರೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡೋಣವೆಂದೆ. ಹತ್ತೂವರೆವರೆಗೆ ರಾಹುಕಾಲ ಎಂದರು.

“ಹೊಸದಾಗಿ ಏನೂ ಶುರು ಮಾಡ್ತಿಲ್ಲ ಸಾರ್. ಇರೋ ಸಾಫ್ಟ್‌ವೇರನ್ನೇ ಹೊಸ ವರ್ಷನ್‌ಗೆ ಏರಿಸೋದು.”

“ಹಾಗಾದ್ರೆ ಜೀರ್ಣೋದ್ಧಾರ ಅನ್ನಿ. ಅದಕ್ಕೂ ನೋಡ್ಬೇಕು ಕಣ್ರೀ.”

ಕೊನೆಗೆ ಭಾನುವಾರ ಸಂಜೆ ಆರರ ಮೇಲೆ ಎಂದು ನಿಶ್ಚಯವಾಯಿತು. ಅವತ್ತು ನಾಲ್ಕೂವರೆಯಿಂದ ಆರರವರೆಗೆ ಮತ್ತೆ ಅದೇ ರಾಹುವಿನ ಕಾಟ.

ಅಂದಹಾಗೆ, ಜೀರ್ಣೋದ್ಧಾರ ಯಾವುದಕ್ಕೆ ಎಂದೇ ಹೇಳಲಿಲ್ಲ. ನಮ್ಮ ಕಚೇರಿಯ ಫಾಲ್ಸ್ ಸೀಲಿಂಗಿನಲ್ಲಿ ಅಲ್ಲಲ್ಲಿ ಊಟದ ತಟ್ಟೆಯಷ್ಟಗಲದ ಬಿಳಿ ಬಿಲ್ಲೆಗಳಿವೆ, ನಡುವೆ ಸಣ್ಣ ನೀಲಿ ದೀಪ. ಅವೇ ಆಕ್ಸೆಸ್ ಪಾಯಿಂಟುಗಳು. ಬರುವ ಪಾರ್ಟಿಗಳಲ್ಲಿ ಅರ್ಧ ಜನ ಅವನ್ನು ಹೊಗೆ ಕಂಡರೆ ಕೂಗುವ ಯಂತ್ರ ಅಂದುಕೊಂಡಿದ್ದಾರೆ. ಸಂತೇಪೇಟೆಯ ಒಬ್ಬ ವ್ಯಾಪಾರಿಗಳು ಕ್ಯಾಮೆರಾ ಎಂದೇ ತಿಳಿದು, ನಗದು ವ್ಯವಹಾರದ ಮಾತು ಬಂದಾಗಲೆಲ್ಲ ಕತ್ತೆತ್ತಿ ಅದನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಬಾಸು ಅವರ ತಪ್ಪುಕಲ್ಪನೆ ತಿದ್ದಲಿಲ್ಲ.

ಈ ಬಿಲ್ಲೆಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಒಂದಿದೆ, ಕಂಟ್ರೋಲರ್ ಅಂತ. ಯಾವ ಬಿಲ್ಲೆ ಯಾವ ಚಾನೆಲ್ಲಿನಲ್ಲಿ ಇರಬೇಕು, ಗೆಸ್ಟ್ ವೈಫೈ ಎಷ್ಟು ವೇಗ ಕೊಡಬೇಕು, ಯಾರ ಮೊಬೈಲು ಎಲ್ಲಿ ಅಂಟಿಕೊಂಡಿದೆ, ಎಲ್ಲ ಅದರ ತೆರೆಯ ಮೇಲೆ ಕಾಣುತ್ತದೆ. ಅದರ ವಾಸ ರೆಕಾರ್ಡ್ ರೂಮಿನಲ್ಲಿ, ದಾರ ಕಟ್ಟಿದ ಹಳೇ ಫೈಲುಗಳ ನಡುವೆ ಕೂತಿರುವ ಒಂದು ಡೆಸ್ಕ್‌ಟಾಪಿನಲ್ಲಿ. ‘ಆಫ್ ಮಾಡಬಾರದು’ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದೆ. ಆದರೂ ಕಸ ಗುಡಿಸುವಾಗ, ಫ್ಯಾನಿನ ಸ್ವಿಚ್ಚು ಹುಡುಕುವಾಗ ಯಾರಾದರೊಬ್ಬರು ಅದನ್ನು ಒತ್ತುತ್ತಲೇ ಇದ್ದರು. ಆಮೇಲೊಂದು ಆಯುಧಪೂಜೆಯಲ್ಲಿ ಅಟೆಂಡರು ಅದಕ್ಕೂ ವಿಭೂತಿ ಬಳಿದು, ಕುಂಕುಮವನ್ನು ಸರಿಯಾಗಿ ಪವರ್ ಬಟನ್ನಿನ ಮೇಲೇ ಇಟ್ಟ. ಆವತ್ತಿನಿಂದ ಅದನ್ನು ಒತ್ತುವ ಧೈರ್ಯ ಯಾರಿಗೂ ಬಂದಿಲ್ಲ. ನನ್ನ ಕೆಂಪು ಚೀಟಿ ಈಗಲೂ ಇದೆ, ಅಲಂಕಾರಕ್ಕೆ.

ಈ ಎಲ್ಲಕ್ಕೂ ನಾನು ಹೇಗೆ ಯಜಮಾನನಾದೆ ಅಂತೀರಾ? ನನ್ನ ಓದು ಬಿಕಾಂ. ಹಿಂದೊಮ್ಮೆ ಇಂಟರ್ನೆಟ್ ನಿಂತಾಗ ರೂಟರಿನ ಪ್ಲಗ್ ಕಿತ್ತು ಮತ್ತೆ ಹಾಕಿದೆ; ಬಂತು. ನೋಡುತ್ತ ನಿಂತಿದ್ದ ಬಾಸು “ಗುಡ್” ಎಂದರು. ಸರ್ಕಾರಿ ಆದೇಶಗಳು ಕೂಡ ಇಷ್ಟು ಚುಟುಕಾಗಿ ಇಷ್ಟು ಗಟ್ಟಿಯಾಗಿ ಇರುವುದಿಲ್ಲ.

ಓಡುತ್ತಿರುವುದನ್ನು ಮುಟ್ಟಬಾರದು ಎಂಬ ಪಂಥದವನು ನಾನು. ನನ್ನ ಸ್ಕೂಟರಿಗೂ ಇದೇ ನ್ಯಾಯ, ಹಲ್ಲಿಗೂ ಇದೇ ನ್ಯಾಯ. ವರ್ಷಗಟ್ಟಲೆ ಸುಮ್ಮನಿದ್ದವನನ್ನು ಎಬ್ಬಿಸಿದವನು ನೆಟ್‌ವರ್ಕಿನ ವೆಂಡರ್ ಕಡೆಯ ಹುಡುಗ. “ಸಾರ್, ನಿಮ್ದು ಇನ್ನೂ 2021ಕ್ಕೂ ಹಿಂದಿನ ವರ್ಷನ್ನು. ಲಾಗ್‌ಫೋರ್‌ಜೆ ಕೇಳಿದೀರಾ?” ಎಂದ. ಕೇಳಿರಲಿಲ್ಲ. ಅದು ಜಾವಾದಲ್ಲಿ ಬರೆದ ಲೆಕ್ಕವಿಲ್ಲದಷ್ಟು ಸಾಫ್ಟ್‌ವೇರುಗಳು ಬಳಸುವ ಒಂದು ಸಣ್ಣ ತುಣುಕು. ಯಾರು ಬಂದರು, ಏನು ಕೇಳಿದರು ಎಂದು ದಿನವಹಿ ಬರೆದುಕೊಳ್ಳುವುದಷ್ಟೇ ಅದರ ಕೆಲಸ. ಆದರೆ ಒಂದು ಬಗೆಯ ಸಾಲನ್ನು ಕೊಟ್ಟರೆ ಅದನ್ನು ಬರೆದುಕೊಂಡು ಸುಮ್ಮನಿರದೆ, ಅದು ಹೇಳಿದ ಕಡೆ ಹೋಗಿ ಹೊರಗಿನ ಪ್ರೋಗ್ರಾಮು ತಂದು ಓಡಿಸಿಬಿಡುತ್ತಿತ್ತು. 2021ರ ಡಿಸೆಂಬರಿನಲ್ಲಿ ಇದು ಬಯಲಾದಾಗ ಮೈನ್‌ಕ್ರಾಫ್ಟ್ ಆಡುವ ಮಕ್ಕಳ ಚಾಟಿನಲ್ಲಿ ಒಂದು ಸಾಲು ಟೈಪಿಸಿ ಸರ್ವರನ್ನೇ ವಶ ಮಾಡಿಕೊಳ್ಳಬಹುದಿತ್ತಂತೆ. ಅಪಾಯಕ್ಕೆ ಅಂಕ ಕೊಡುವವರು ಹತ್ತಕ್ಕೆ ಹತ್ತು ಕೊಟ್ಟಿದ್ದರು. ವೈಫೈ ಕಂಟ್ರೋಲರುಗಳಲ್ಲೂ ಆ ತುಣುಕು ಸೇರಿತ್ತು. ದಿನವಹಿ ಬರೆಯುವವನನ್ನೇ ಮೋಸಗಾರರು ಕೈಗೆ ಹಾಕಿಕೊಳ್ಳುವ ವಿಷಯವನ್ನು ಆಡಿಟ್ ಆಫೀಸಿನವನಿಗೆ ಎರಡು ಸಲ ಹೇಳಬೇಕಾಗಿಲ್ಲ. ಒಪ್ಪಿದೆ.

ಭಾನುವಾರ ಹುಡುಗ ಬಂದು ಮೊದಲು ಬ್ಯಾಕಪ್ ತೆಗೆದ, ತೆಗೆದದ್ದನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಜೇಬಿಗೆ ಸೇರಿಸಿದ. ಅದೇ ಡಿಸ್ಕಿನಲ್ಲಿ ಬಿಟ್ಟರೆ ಡಿಸ್ಕ್ ಹೋದ ದಿನ ಎರಡೂ ಹೋಗುತ್ತವೆ ಎಂಬುದು ಅವನ ವಾದ. ನಮ್ಮಲ್ಲಿದ್ದದ್ದು ಜಾವಾ 8, ಹೊಸತು ಕೇಳಿದ್ದು 17. ಡೇಟಾಬೇಸೂ ಹಳತಾಯಿತಂತೆ. ನೇರವಾಗಿ ಕೊನೆಯ ವರ್ಷನ್ನಿಗೆ ಹಾರುವ ಹಾಗಿಲ್ಲ. ನಡುವಿನ ಒಂದೆರಡು ಮೆಟ್ಟಿಲಲ್ಲಿ ನಿಂತು ಹೋಗಬೇಕು. ಹಳೆಯ ಕಂಟ್ರೋಲರನ್ನು ಅವನು ನಿಲ್ಲಿಸಿದಾಗ ನಾನು ಉಸಿರು ಬಿಗಿಹಿಡಿದು ಮೊಬೈಲು ನೋಡಿದೆ. ವೈಫೈ ಹಾಗೇ ಇತ್ತು! ಇದು ನಿಂತರೂ ಬಿಲ್ಲೆಗಳು ಕೊನೆಯ ಬಾರಿ ಹೇಳಿಸಿಕೊಂಡಂತೆ ಕೆಲಸ ಮಾಡಿಕೊಂಡು ಹೋಗುತ್ತವೆ, ಬದಲಾವಣೆ ಬೇಕಾದಾಗಷ್ಟೇ ಇದು ಬೇಕು ಎಂದ ಹುಡುಗ. ಸೋಮವಾರ ಮೀಟಿಂಗಿನಲ್ಲಿ ನಾನು ಇದನ್ನು ಇದ್ದಂತೆಯೇ ಒಪ್ಪಿಸಿದೆ: “ಮ್ಯಾನೇಜ್‌ಮೆಂಟ್ ಪೂರ್ತಿ ನಿಂತುಹೋಗಿತ್ತು ಸಾರ್, ಕೆಲಸಕ್ಕೇನೂ ತೊಂದರೆ ಆಗಲಿಲ್ಲ.” ಆರ್ಟಿಕಲ್‌ಶಿಪ್ ಹುಡುಗರು ಒಟ್ಟಿಗೆ ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯತೊಡಗಿದರು. ಬಾಸು ಕನ್ನಡಕ ತೆಗೆದು ಒರೆಸಿದರು.

ಕಂಟ್ರೋಲರ್ ಎದ್ದ ಮೇಲೆ ಬಿಲ್ಲೆಗಳ ಫರ್ಮ್‌ವೇರ್ ಸರದಿ. ಒಂದೊಂದಾಗಿ ನೀಲಿ ದೀಪ ಆರಿ, ಮಿಣುಕಿ, ಮತ್ತೆ ಹೊತ್ತಿಕೊಂಡವು. ಕಾನ್ಫರೆನ್ಸ್ ರೂಮಿನದು ಮಾತ್ರ ಬಹಳ ಸತಾಯಿಸಿತು. ಎಂಟೂವರೆಗೆ ನಾವಿಬ್ಬರೂ ಅಗ್ರಹಾರದಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದೆವು.

ಅಸಲು ಕತೆ ಸೋಮವಾರದ್ದು. ದೋಷ ಹೊರುವವರಿಲ್ಲದೆ ಇಷ್ಟು ದಿನ ಅನಾಥವಾಗಿ ಅಲೆಯುತ್ತಿದ್ದ ತೊಂದರೆಗಳಿಗೆಲ್ಲ ಅವತ್ತು ಒಂದು ಗೋತ್ರ ಸಿಕ್ಕಿತು. ಪೋರ್ಟಲ್ ನಿಧಾನ, ಅಪ್‌ಗ್ರೇಡ್ ಆದ್ಮೇಲೆ. ಟ್ಯಾಲಿ ಸಿಕ್ಕಿಕೊಳ್ಳುತ್ತೆ, ಅಪ್‌ಗ್ರೇಡ್ ಆದ್ಮೇಲೆ. ಎರಡನೇ ಮಹಡಿಯ ಎಸಿಯಿಂದ ನೀರು ತೊಟ್ಟಿಕ್ಕುತ್ತೆ, ಅದೂ ಅಪ್‌ಗ್ರೇಡ್ ಆದ್ಮೇಲೆ. ಇವುಗಳ ನಡುವೆ ನಿಜವಾದ ದೂರು ಇದ್ದದ್ದು ಒಂದೇ: ಹಳೇ ಪ್ರಿಂಟರು ಕಾಣೆಯಾಗಿತ್ತು. ಅದು 1999ರ ಪದ್ಧತಿಯದು. ಎಷ್ಟು ಕೂಗಿದರೂ 11 ಎಂಬಿಪಿಎಸ್‌ಗಿಂತ ಮೇಲೆ ಹೋಗದು, ಬಹಳ ಹೊತ್ತು ಒಂದರಲ್ಲೇ ತೆವಳುತ್ತದೆ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕಾದ್ದರಿಂದ ಮಿಕ್ಕವರೆಲ್ಲ ಕಾಯಬೇಕು. ಪಂಕ್ತಿಯಲ್ಲಿ ಎಲ್ಲರ ಊಟ ಮುಗಿದು ಕೈ ಒಣಗುತ್ತಿದ್ದರೂ, ಕೊನೇ ಎಲೆಯ ಅಜ್ಜ ಮಜ್ಜಿಗೆ ಅನ್ನಕ್ಕೆ ಉಪ್ಪಿನಕಾಯಿ ಕೇಳುತ್ತಿರುವಾಗ ಯಾರೂ ಏಳುವ ಹಾಗಿಲ್ಲವಲ್ಲ, ಅದೇ ಪಾಡು. ಹೊಸ ವರ್ಷನ್ನಿನಲ್ಲಿ ಹುಡುಗ ಕನಿಷ್ಠ ವೇಗವನ್ನು ಏರಿಸಿದ್ದ. ಎಲ್ಲರೂ ಚುರುಕಾದರು, ಅಜ್ಜ ಹೊರಗೆ ಬಿದ್ದ. ವಾಪಸ್ಸು ಇಳಿಸೋಣವೇ ಎಂದ ಹುಡುಗನಿಗೆ ಬೇಡವೆಂದೆ. ಅಜ್ಜನಿಗೆ ಒಳಗೆ ಬೇರೆ ಎಲೆ ಹಾಕಿದೆವು: ಗೋಡೆಗುಂಟ ಕೇಬಲ್ ಎಳೆದು ಪ್ರಿಂಟರಿಗೆ ನೇರವಾಗಿ ಸಿಕ್ಕಿಸಿದ್ದಾಯಿತು.

ಇನ್ನೊಂದು ದೂರು ಮಾತ್ರ ಅಪ್‌ಗ್ರೇಡಿಗಿಂತ ಹಳೆಯದು. ಮಧ್ಯಾಹ್ನ ಒಂದೂಕಾಲಿನಿಂದ ಎರಡರವರೆಗೆ ಊಟದ ಕೋಣೆಯ ಪಕ್ಕದ ಮೇಜುಗಳಲ್ಲಿ ವೈಫೈ ಸಾಯುತ್ತಿತ್ತು. ಕಾರಣ ಮೈಕ್ರೋವೇವ್ ಓವನ್ನು. ಅದು ಸಾರು ಬಿಸಿ ಮಾಡುವುದು 2.45 ಗಿಗಾಹರ್ಟ್ಸಿನಲ್ಲಿ, ವೈಫೈ ಓಡುವುದೂ ಅದರ ಆಸುಪಾಸಿನಲ್ಲೇ. ನಮ್ಮ ದೇಶದಲ್ಲಿ ಈ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನ ಹಂಗಿನಿಂದ ಬಿಡಿಸಿದ್ದು ನಮ್ಮ ಪುಣ್ಯ. ಆದರೆ ಹಂಗಿಲ್ಲದ ಜಾಗದಲ್ಲಿ ಯಾರು ಯಾರನ್ನೂ ಎಬ್ಬಿಸುವಂತಿಲ್ಲ, ಓವನ್ನನ್ನಂತೂ ಅಲ್ಲವೇ ಅಲ್ಲ. ಹೊಸ ಕಂಟ್ರೋಲರಿನಲ್ಲಿ ಹುಡುಗ ಆ ಮೇಜುಗಳ ಲ್ಯಾಪ್‌ಟಾಪುಗಳನ್ನೆಲ್ಲ 5 ಗಿಗಾಹರ್ಟ್ಸಿಗೆ ಸಾಗಹಾಕಿದ. ಈಗ ಓವನ್ ತಿರುಗುವಾಗಲೂ ಫೈಲು ಅಪ್‌ಲೋಡ್ ಆಗುತ್ತದೆ. ನನ್ನ ಇಡೀ ಸಾಹಸದಲ್ಲಿ ಎದೆ ತಟ್ಟಿ ಹೇಳಿಕೊಳ್ಳಬಹುದಾದದ್ದು ಇದೊಂದೇ ಎಂದು, ಮಾರನೆಯ ದಿನ ಊಟದ ಹೊತ್ತಿಗೆ ಅಲ್ಲೇ ಸುಳಿದಾಡಿದೆ, ಯಾರಾದರೂ ಒಂದು ಒಳ್ಳೆ ಮಾತು ಆಡಿಯಾರೆಂದು.

ಜಿಎಸ್‌ಟಿ ನೋಡಿಕೊಳ್ಳುವ ಮೇಡಂ ಓವನ್ನಿನಿಂದ ಡಬ್ಬಿ ತೆಗೆದು, ಬೆರಳದ್ದಿ ನೋಡಿ, ನನ್ನ ಕಡೆ ತಿರುಗಿದರು.

“ಸಾರ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಾಂಬಾರ್ ಮುಂಚಿನಷ್ಟು ಬಿಸಿ ಆಗ್ತಿಲ್ಲ, ಅಪ್‌ಗ್ರೇಡ್ ಆದ್ಮೇಲೆ.”